ತುತ್ತು ಎತ್ತುವ ತೋಳಿಗೊಂದು ಆಸರೆ

ನನ್ನ ಅಕ್ಕನ ಮಗನಿಗೆ ಈಗ 19 ವರ್ಷ. ಅವನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಎಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತ ಹೋಗುವ ಕಾಯಿಲೆ, ಇದೆ. 11ನೆಯ ವಯಸ್ಸಿನಲ್ಲಿ ಅವನ ನಡಿಗೆ ನಿಂತ ದಿನ ಮನೆಮಂದಿಯೆಲ್ಲ ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ತನ್ನ ಕೈಯಾರೆ ಉಣ್ಣುವುದನ್ನು ಅವನು ನಿಲ್ಲಿಸಿದ ದಿನ ಯಾವುದೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಮೊದಮೊದಲು ಮೊಣಕೈಯನ್ನು ಮೇಜಿಗೆ ಊರಿಕೊಂಡು ಉಣ್ಣುತ್ತಿದ್ದ. ಆಮೇಲೆ ಎಡಗೈಯಿಂದ ಬಲಗೈಯನ್ನು ಮೇಲಕ್ಕೆ ನೂಕುತ್ತಿದ್ದ. ಕೊನೆಗೆ ತಲೆಯನ್ನೇ ತಟ್ಟೆಯತ್ತ ಬಗ್ಗಿಸತೊಡಗಿದ. ಅನ್ನ ಆರಿಹೋಗುತ್ತದೆಂದು ಅಕ್ಕ ಒಂದು ದಿನ ಕಲಸಿ ಬಾಯಿಗಿಟ್ಟಳು, ಅದೇ ರೂಢಿಯಾಯಿತು. ಅದನ್ನು ನಾವು ಪ್ರೀತಿಯೆಂದುಕೊಂಡೆವು. ಪ್ರೀತಿ ಹೌದು, ಆದರೆ ಅದರ ಮರೆಯಲ್ಲಿ ಅವನ ಕೈಗೆ ಬೇಕಾದ ನೆರವನ್ನು ಹುಡುಕುವುದನ್ನೇ ಬಿಟ್ಟೆವು.

ಈ ಕಾಯಿಲೆಯಲ್ಲಿ ಕೈಯ ಮಟ್ಟಿಗೆ ಭುಜ ಮತ್ತು ಮೇಲ್ತೋಳಿನ ಸ್ನಾಯುಗಳು ಮೊದಲು ಸೋಲುತ್ತವೆ, ಬೆರಳುಗಳಲ್ಲಿ ಎಷ್ಟೋ ವರ್ಷ ಕಸುವು ಉಳಿದಿರುತ್ತದೆ. ಮನುಷ್ಯನ ಒಂದು ತೋಳು ಅವನ ದೇಹತೂಕದ ಸುಮಾರು ಶೇ. 5ರಷ್ಟಿರುತ್ತದೆ. ಎಂದರೆ 50 ಕಿಲೊ ತೂಕದ ಹುಡುಗ ಪ್ರತಿ ತುತ್ತಿಗೂ ಸುಮಾರು ಎರಡೂವರೆ ಕಿಲೊ ಭಾರದ ತೋಳನ್ನು ಎತ್ತಬೇಕು. ತುತ್ತಿನ ತೂಕ ಲೆಕ್ಕಕ್ಕೇ ಬಾರದು. ಆ ಭಾರವನ್ನು ಬೇರೆ ಯಾವುದಾದರೂ ಹೊತ್ತುಕೊಂಡರೆ ಉಳಿದ ಅಲ್ಪ ಶಕ್ತಿಯಲ್ಲೇ ಕೈ ಓಡಾಡುತ್ತದೆ.

ಇದಕ್ಕೆ ಮೋಟಾರು ಬೇಕೇಬೇಕೆಂದಿಲ್ಲ. ಹೇಗೆ ಬಾಗಿಸಿದರೂ ಬಿಟ್ಟ ಜಾಗದಲ್ಲೇ ನಿಲ್ಲುವ ಓದುವ ಮೇಜಿನ ದೀಪವನ್ನು ನೀವು ನೋಡಿರಬಹುದು. 1930ರ ದಶಕದಲ್ಲಿ ಬ್ರಿಟನ್ನಿನ ಜಾರ್ಜ್ ಕಾರ್ವರ್ಡೈನ್ ರೂಪಿಸಿದ ಆ ದೀಪವನ್ನು ಎತ್ತಿಹಿಡಿಯುವುದು ಕೇವಲ ಸ್ಪ್ರಿಂಗುಗಳ ಬಿಗಿತ. ಅದೇ ತತ್ತ್ವವನ್ನು ತೋಳಿಗೆ ಅಳವಡಿಸಿದ್ದಾರೆ. ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ತಾರಿಕ್ ರೆಹಮಾನ್ ಮತ್ತು ಸಂಗಡಿಗರು ರೂಪಿಸಿದ 'ರೆಕ್ಸ್' ಎಂಬ ಸಾಧನದ ಪೂರ್ಣ ಹೆಸರಿನಲ್ಲಿ ರೊಬಾಟ್ ಎಂಬ ಮಾತಿದ್ದರೂ ತೋಳಿನ ಭಾರ ಹೊರುವುದು ರಬ್ಬರ್ ಬ್ಯಾಂಡುಗಳೇ. ತೋಳು ಭಾರವಾದರೆ ಇನ್ನೊಂದು ಬ್ಯಾಂಡ್ ಸೇರಿಸುತ್ತಾರೆ. ಪುಟ್ಟ ಮಕ್ಕಳಿಗಾಗಿ ಅದರ ಭಾಗಗಳನ್ನು 3ಡಿ ಮುದ್ರಣದಲ್ಲಿ ಪ್ಲಾಸ್ಟಿಕ್ಕಿನಿಂದ ತಯಾರಿಸಿದ್ದೂ ಉಂಟು. ಇದಕ್ಕೂ ಬಹಳ ಹಿಂದೆಯೇ, ಪೋಲಿಯೊದಿಂದ ತೋಳು ಸೋತವರಿಗಾಗಿ, ಮುಂಗೈ ಇರಿಸಲು ದೋಣಿಯಾಕಾರದ ಒಂದು ತಟ್ಟೆ ಮತ್ತು ಎರಡು ಬೇರಿಂಗುಗಳಿರುವ ಆಸರೆಯನ್ನು ಗಾಲಿಕುರ್ಚಿಗೆ ಜೋಡಿಸುತ್ತಿದ್ದರು.

ಕೆನಡಾದ ಕಿನೋವಾ ಕಂಪನಿಯ 'ಜಾಕೋ' ಎಂಬ ರೊಬಾಟ್ ತೋಳು ಇನ್ನೊಂದು ದಾರಿ. ಮಸ್ಕ್ಯುಲರ್ ಡಿಸ್ಟ್ರೋಫಿಯಿದ್ದ ತಮ್ಮ ಬಂಧುಗಳ ಪಾಡನ್ನು ಕಂಡು ಅದರ ಸ್ಥಾಪಕರಲ್ಲೊಬ್ಬರು ಈ ಕೆಲಸಕ್ಕಿಳಿದರು. ಬೆರಳಷ್ಟೇ ಆಡುವವರಿಗೆ ಅದು ದೊಡ್ಡ ವರ. ಆದರೆ ಅದಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು, ಮತ್ತು ಅಲ್ಲಿ ಆಡುವುದು ಯಂತ್ರದ ಕೈ. ಸ್ವಂತ ಕೈಯಲ್ಲಿ ಇನ್ನೂ ಚೂರು ಶಕ್ತಿ ಇರುವವರಿಗೆ ಸ್ಪ್ರಿಂಗಿನ ಆಸರೆ ಮೊದಲು ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಹೋದ ವರ್ಷ ಥೆರಪಿಸ್ಟ್ ಒಬ್ಬರು ಅಂಥದೊಂದು ಆಸರೆಯನ್ನು ಎರಡು ವಾರಕ್ಕೆಂದು ತಂದುಕೊಟ್ಟರು. ಅದಕ್ಕೆ ಕೈ ಇರಿಸಿದ ಹುಡುಗ ಮೊದಲು ಮಾಡಿದ್ದು ಊಟವಲ್ಲ, ಮೂಗು ತುರಿಸಿಕೊಂಡದ್ದು. "ಮಾವ, ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ" ಎಂದ. ಊಟದಲ್ಲಿ ಮಾತ್ರ ತೊಡಕಾಯಿತು. ಆ ಸಾಧನ ಚಮಚಕ್ಕೆಂದು ಮಾಡಿದ್ದು. ಅನ್ನ ಸಾರು ಕಲಸುವಾಗ ಅಂಗೈ ಕೆಳಮುಖವಾಗಿರಬೇಕು, ತುತ್ತು ಬಾಯಿಗೆ ಬರುವಾಗ ಮುಂಗೈ ಹೊರಳಬೇಕು. ಅದರ ಪಟ್ಟಿ ಮುಂಗೈಯನ್ನು ಹೊರಳಗೊಡಲಿಲ್ಲ. ನಮ್ಮ ಊಟದ ರೀತಿಯನ್ನು ತಿಳಿದವರೇ ಇದನ್ನು ತಿದ್ದಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ. ಆದರೂ ನಾವು ಹೋದ ಸಾಧನ ವಿತರಣಾ ಶಿಬಿರಗಳಲ್ಲಿ ಕಾಲಿನ ಬಗ್ಗೆ ಕೇಳಿದರೇ ಹೊರತು, "ಕೈ ಬಾಯಿಯವರೆಗೆ ಬರುತ್ತದೆಯೇ" ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದಕ್ಕೂ ಹೊತ್ತು ಮೀರಬಾರದು. ಕೀಲುಗಳು ಬಿಗಿದು ಮೊಣಕೈ ಮಡಿಚಿಕೊಂಡ ಮೇಲೆ ಯಾವ ಸ್ಪ್ರಿಂಗೂ ಹೆಚ್ಚು ನೆರವಾಗದು. ದೇಹ ಬದಲಾದಂತೆ ಅದರ ಬಿಗಿತವನ್ನೂ ಥೆರಪಿಸ್ಟರು ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ.

ಮುಂಗೈ ಹೊರಳಲು ಬಿಡುವ ಒಂದು ಬಳೆಯಂಥ ಹಿಡಿಕೆಯನ್ನು ಮಾಡಿಸಲು ಊರಿನ ಲೇತ್ ಕೆಲಸದವರೊಬ್ಬರೊಡನೆ ಈಗ ಪ್ರಯತ್ನಿಸುತ್ತಿದ್ದೇವೆ. ಹಗುರವಾದ ಬೇರಿಂಗ್ ಮತ್ತು ಸ್ಪ್ರಿಂಗುಗಳ ಕೆಲಸ ಬಲ್ಲವರು, ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಶನಲ್ ಥೆರಪಿಸ್ಟರು ನಿಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ. ಅವನ ಬಲಗೈ ಬೆರಳುಗಳು ಇನ್ನೂ ಚೆನ್ನಾಗಿ ಅನ್ನ ಕಲಸುತ್ತವೆ.