ಸಂಬಳಕ್ಕೆ ಹಳಬರು, ಸೇವೆಗೆ ಹೊಸಬರು

ಕೆಲಸದಿಂದ ತೆಗೆದವರನ್ನೇ ಮತ್ತೆ ಕರೆಯುವ ಮೇಲ್‌ನ ಧಾಟಿ ಹೆಚ್ಚುಕಡಿಮೆ ಎಲ್ಲ ಐಟಿ ಕಂಪನಿಗಳದ್ದೂ ಒಂದೇ. ‘ನಿಮ್ಮ ಕೊಡುಗೆಯನ್ನು ಇಂದಿಗೂ ನೆನೆಯುತ್ತೇವೆ. ನಿಮ್ಮ ಅನುಭವಕ್ಕೆ ತಕ್ಕ ಹುದ್ದೆಗಳು ಖಾಲಿ ಇವೆ. ಕೆಳಗಿನ ಲಿಂಕ್ ಒತ್ತಿ ಅರ್ಜಿ ಹಾಕಿ.’ ಕೆಲವೇ ತಿಂಗಳ ಹಿಂದೆ ಕಾಲು ಗಂಟೆಯ ವಿಡಿಯೊ ಕಾಲ್‌ನಲ್ಲಿ ಮನೆಗೆ ಕಳಿಸಿದವರ ಮೇಲ್ ಇದು. ಮೈಸೂರಿನ ಕುವೆಂಪುನಗರದ ಮನೆಯಾದರೆ ಅಮ್ಮ ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈ ಮುಗಿಯುತ್ತಾರೆ. ಮಂಡ್ಯ ಕಡೆಯ ಮನೆಯಾದರೆ ಅಪ್ಪ ಕೇಳುವುದು ಒಂದೇ ಮಾತು: ‘ತಗ್ದೋರೂ ಅವ್ರೇ, ಕರ್ಯೋರೂ ಅವ್ರೇ. ಮಧ್ಯ ಅರ್ಜಿ ಯಾಕ್ಲಾ ಮಗ?’

ಅಪ್ಪನ ಪ್ರಶ್ನೆಗೆ ಆಮೇಲೆ ಬರೋಣ. ಈ ಕಾಯಿಲೆ ನಮ್ಮೂರಲ್ಲಿ ಹುಟ್ಟಿದ್ದಲ್ಲ. 2022ರ ನವೆಂಬರ್‌ನಲ್ಲಿ ಟ್ವಿಟರ್‌ನ ಹೊಸ ಯಜಮಾನರು ಸುಮಾರು ಅರ್ಧದಷ್ಟು ಸಿಬ್ಬಂದಿಯನ್ನು ಒಂದೇ ಏಟಿಗೆ ಕಳಿಸಿದರು. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಡಜನ್‌ಗಟ್ಟಲೆ ಜನರಿಗೆ ವಾಪಸ್ ಬನ್ನಿ ಎಂಬ ಕರೆ ಹೋಯಿತು. ಕೆಲವರನ್ನು ಕೈತಪ್ಪಿ ತೆಗೆದಿದ್ದರಂತೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಅಣ್ವಸ್ತ್ರ ಕಾಯುವ ಸರ್ಕಾರಿ ಸಂಸ್ಥೆಯದ್ದು ಇನ್ನೂ ಸೊಗಸು. ತೆಗೆದವರನ್ನು ಮರಳಿ ಕರೆಯಲು ಹೊರಟರೆ ಹಲವರನ್ನು ತಲುಪುವ ದಾರಿಯೇ ಇರಲಿಲ್ಲ, ಏಕೆಂದರೆ ಅವರ ಕಚೇರಿ ಇಮೇಲನ್ನು ಆಗಲೇ ಮುಚ್ಚಿಯಾಗಿತ್ತು. ಆದ್ದರಿಂದ ಹೊರಬೀಳುವ ದಿನ ಎಷ್ಟೇ ಸಿಟ್ಟಿದ್ದರೂ ಎಚ್‌ಆರ್ ಪೋರ್ಟಲ್‌ನಲ್ಲಿ ಸ್ವಂತ ಇಮೇಲ್ ಮತ್ತು ಮೊಬೈಲ್ ನಂಬರ್ ಸರಿಯಾಗಿದೆಯೇ ನೋಡಿಯೇ ಲಾಗೌಟ್ ಆಗಬೇಕು.

ಈಗ ಅಪ್ಪನ ಪ್ರಶ್ನೆ. ಅವರಿಗೆ ಗೊತ್ತಿಲ್ಲದೆಯೇ ಅವರು ಕಾನೂನು ಮಾತಾಡಿದ್ದಾರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಎಚ್ ಕಲಮು ಹೇಳುತ್ತಿದ್ದುದು ಇಷ್ಟೇ: ಸಿಬ್ಬಂದಿ ಕಡಿತ ಮಾಡಿದ ಮಾಲೀಕ ಮತ್ತೆ ಜನ ತೆಗೆದುಕೊಳ್ಳುವುದಾದರೆ ಹಳಬರಿಗೆ ಅವಕಾಶ ಕೊಡಬೇಕು, ಬಂದ ಹಳಬರಿಗೆ ಹೊಸಬರಿಗಿಂತ ಆದ್ಯತೆ ಇರಬೇಕು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಈ ಮಾತಿದೆ, ಆದರೆ ಕಡಿತವಾದ ಒಂದು ವರ್ಷದೊಳಗಿನ ನೇಮಕಕ್ಕೆ ಮಾತ್ರ. ಮ್ಯಾನೇಜರ್‌ಗಿರಿ ಮಾಡುವವರು ಇದರ ಹೊರಗೆ. ನಮ್ಮ ಐಟಿಯಲ್ಲೋ, ಕೈಕೆಳಗೆ ಒಂದು ನರಪಿಳ್ಳೆ ಇಲ್ಲದವರ ವಿಸಿಟಿಂಗ್ ಕಾರ್ಡಿನಲ್ಲೂ ‘ಲೀಡ್’, ‘ಮ್ಯಾನೇಜರ್’ ಎಂದಿರುತ್ತದೆ. ಕಾನೂನು ನೋಡುವುದು ಕಾರ್ಡನ್ನಲ್ಲ, ಮಾಡುತ್ತಿದ್ದ ಕೆಲಸವನ್ನು. ಆದರೆ ಎಲ್ಲಕ್ಕಿಂತ ದೊಡ್ಡ ಗುಂಡಿ ಬೇರೆಯೇ ಇದೆ. ಹೆಚ್ಚಿನವರಿಂದ ಕಂಪನಿ ರಾಜೀನಾಮೆ ಬರೆಸಿಕೊಂಡಿರುತ್ತದೆ. ಕಾಗದದ ಪ್ರಕಾರ ನೀವಾಗಿಯೇ ಬಿಟ್ಟು ಹೋದವರು; ಆದ್ಯತೆಯ ಮಾತೇ ಇಲ್ಲ. ಹೀಗಾಗಿ ಮಧ್ಯೆ ಅರ್ಜಿ.

ಕಂಪನಿಗೆ ಹಳಬರು ಯಾಕೆ ಬೇಕು ಎಂಬುದನ್ನು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೂಳೆ ಕಬ್ಬಿನ ಲೆಕ್ಕ. ಕಡಿದ ಬುಡದಿಂದಲೇ ಚಿಗುರುವುದರಿಂದ ಬಿತ್ತನೆ ತುಂಡಿನ ಖರ್ಚಿಲ್ಲ, ಉಳುಮೆಯಿಲ್ಲ, ಹೊಸ ನಾಟಿಗಿಂತ ಬೇಗ ಕಟಾವಿಗೂ ಬರುತ್ತದೆ. ಆದರೆ ಕೂಳೆಗೆ ಸಾರಜನಕ ಹೊಸ ನಾಟಿಗಿಂತ ಹೆಚ್ಚು ಕೊಡಬೇಕು, ಇಲ್ಲದಿದ್ದರೆ ಇಳುವರಿ ಕೈಕೊಡುತ್ತದೆ. ಗೊಬ್ಬರದ ಈ ಪಾಠ ನಡೆದ ದಿನ ಕಂಪನಿಗಳು ಕ್ಲಾಸಿಗೆ ಚಕ್ಕರ್ ಹೊಡೆದಿವೆ.

ಅರ್ಜಿ ತೆರೆದರೆ ಮೊದಲು ಸಿಗುವುದು ಹೆಸರಿನ ಕಾಲಂ. ನಮ್ಮ ಕಡೆ ಹೆಸರಿನ ಹಿಂದೆ ಊರಿಗೊಂದು ಇನಿಷಿಯಲ್ಲು, ಅಪ್ಪನಿಗೊಂದು ಇನಿಷಿಯಲ್ಲು. ಕಂಪ್ಯೂಟರ್‌ಗೆ ಬೇಕಾದ್ದು ಸರ್‌ನೇಮು, ಅದೂ ಕನಿಷ್ಠ ಎರಡು ಅಕ್ಷರ. ಮೊದಲ ಸಲ ಸೇರಿದಾಗ ಈ ಬಿಕ್ಕಟ್ಟನ್ನು ಒಬ್ಬೊಬ್ಬರು ಒಂದೊಂದು ಥರ ದಾಟಿರುತ್ತಾರೆ. ಕೆಲವರು ಹೆಸರನ್ನೇ ಎರಡು ಸಲ ಬರೆದರು, ಕೆಲವರು ಊರನ್ನೇ ಮನೆತನ ಮಾಡಿಕೊಂಡರು, ಇನ್ನು ಕೆಲವರು ಚುಕ್ಕಿ ಇಟ್ಟು ಪಾರಾದರು. ವರ್ಷಗಳ ಮೇಲೆ ಆಧಾರ್‌ನಲ್ಲಿ ಇರುವಂತೆ ಬರೆದರೆ ಸಿಸ್ಟಂ ‘ಇಂಥವರು ನಮ್ಮಲ್ಲಿ ಇರಲೇ ಇಲ್ಲ’ ಎನ್ನುತ್ತದೆ. ಇದ್ದವರು ಚುಕ್ಕಿಯವರು, ಬಂದವರು ಚುಕ್ಕಿಯಿಲ್ಲದವರು.

ಆಗ ‘ಹಿಂದೆ ಇಲ್ಲಿ ಕೆಲಸ ಮಾಡಿದ್ದೀರಾ?’ ಎಂಬಲ್ಲಿ ‘ಇಲ್ಲ’ ಒತ್ತಿ ಮುಂದೆ ಹೋಗುವ ಆಸೆ ಬರುತ್ತದೆ. ಬೇಡ. ಒಬ್ಬರದೇ ಎರಡು ಪ್ರೊಫೈಲ್ ಆಗಿ, ಕೊನೆಗೆ ಹಿನ್ನೆಲೆ ಪರಿಶೀಲನೆಯಲ್ಲಿ ‘ಮಾಹಿತಿ ಮುಚ್ಚಿಟ್ಟಿದ್ದಾರೆ’ ಎಂಬ ಷರಾ ಬೀಳುತ್ತದೆ. ಹೆಸರು ಆಧಾರ್‌ನಂತೆಯೇ ಇರಲಿ, ಏಕೆಂದರೆ ನಾಳೆ ಪಿಎಫ್ ಖಾತೆ ಜೋಡಣೆಗೂ ಅದೇ ಬೇಕು. ಹಳೆಯ ಎಂಪ್ಲಾಯಿ ನಂಬರ್ ಮರೆತಿದ್ದರೆ ರಿಲೀವಿಂಗ್ ಲೆಟರಿನಲ್ಲೋ ಹಳೆಯ ಪೇಸ್ಲಿಪ್ಪಿನಲ್ಲೋ ಸಿಗುತ್ತದೆ. ‘ಬಿಟ್ಟ ಕಾರಣ’ ಎಂಬ ಪಟ್ಟಿಯಲ್ಲಿ ರಿಲೀವಿಂಗ್ ಲೆಟರ್ ಏನು ಹೇಳಿದೆಯೋ ಅದನ್ನೇ ಆರಿಸಿ. ಹೊಟ್ಟೆಯ ಸಂಕಟ ತೋಡಿಕೊಳ್ಳುವ ಕಾಲಂ ಅದಲ್ಲ.

ಎಚ್‌ಆರ್ ಸಾಫ್ಟ್‌ವೇರಿನಲ್ಲಿ ನಿಮ್ಮ ಹೆಸರಿನ ಮುಂದೆ, ನಿಮಗೆ ಕಾಣದ ಒಂದು ಗುರುತು ಇರುತ್ತದೆ: ಮರುನೇಮಕಕ್ಕೆ ಅರ್ಹರೇ, ಹೌದು ಅಥವಾ ಇಲ್ಲ. ಕೊರಿಯರ್‌ನಲ್ಲಿ ಲ್ಯಾಪ್‌ಟಾಪ್ ಜತೆ ಹೆಡ್‌ಸೆಟ್ ಹಾಕಲು ಮರೆತಿದ್ದರೂ ‘ಬಾಕಿ ಏನಿಲ್ಲ’ ಎನ್ನುವ ನೋ ಡ್ಯೂಸ್ ಪತ್ರ ಅರ್ಧಕ್ಕೆ ನಿಂತು ಅಲ್ಲಿ ‘ಇಲ್ಲ’ ಕೂತಿರಬಹುದು. ಆಹ್ವಾನ ಕಳಿಸುವ ವಿಭಾಗಕ್ಕೂ ಈ ಗುರುತು ಹಾಕುವ ವಿಭಾಗಕ್ಕೂ ಮಾತುಕತೆ ಇರುವುದಿಲ್ಲ. ಒಂದು ‘ಬನ್ನಿ ಬನ್ನಿ’ ಎನ್ನುತ್ತದೆ, ಇನ್ನೊಂದು ಬಾಗಿಲಿಗೆ ಚಿಲಕ ಹಾಕಿರುತ್ತದೆ. ರಿಕ್ರೂಟರ್‌ಗೆ ಮೊದಲ ಮೇಲ್‌ನಲ್ಲೇ ಇದನ್ನು ಕೇಳಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಹೋಗುವಾಗ ಸಹಿ ಹಾಕಿದ ಒಪ್ಪಂದವನ್ನೂ ಹುಡುಕಿ ಓದಿ. ಇಷ್ಟು ತಿಂಗಳೊಳಗೆ ಮರಳಿ ಸೇರಿದರೆ ಕೊಟ್ಟ ಪರಿಹಾರ ವಾಪಸ್ ಎಂಬ ಸಾಲು ಕೆಲವದರಲ್ಲಿ ಇರುತ್ತದೆ.

ಇಂಟರ್‌ವ್ಯೂಗೆ ‘ಹೆಬ್ಬಾಳ ಆಫೀಸ್’ ಎಂದು ಬಂದರೆ ಯಾವ ಹೆಬ್ಬಾಳ ಎಂದು ಕೇಳದೆ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಬೇಡಿ. ನಮ್ಮ ಮೈಸೂರಿನ ಕೈಗಾರಿಕಾ ಪ್ರದೇಶದ ಹೆಬ್ಬಾಳವಾದರೆ ತಿಂಡಿ ತಿಂದು ಸ್ಕೂಟರ್ ಹತ್ತಬಹುದು. ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯ ಹೆಬ್ಬಾಳವಾದರೆ ಕತ್ತಲಲ್ಲೇ ಎದ್ದು ರೈಲು ಹಿಡಿಯಬೇಕು. ವಿಜಯನಗರ, ಜಯನಗರಗಳಿಗೂ ಇದೇ ಎಚ್ಚರ.

ದಾಖಲೆ ಪರಿಶೀಲನೆ ಈ ಇಡೀ ಪ್ರಸಂಗದ ಹಾಸ್ಯ ದೃಶ್ಯ. ನೀವು ಆ ಕಂಪನಿಯಲ್ಲಿ ಕೆಲಸ ಮಾಡಿದ್ದು ನಿಜವೇ ಎಂದು ಆ ಕಂಪನಿಯೇ ಹೊರಗಿನ ಏಜೆನ್ಸಿಗೆ ದುಡ್ಡು ಕೊಟ್ಟು ವಿಚಾರಿಸುತ್ತದೆ. ಏಜೆನ್ಸಿ ಅದೇ ಕಂಪನಿಗೆ ಮೇಲ್ ಹಾಕಿ ಉತ್ತರಕ್ಕೆ ಕಾಯುತ್ತದೆ. ಕೊನೆಯ ಮೂರು ಪೇಸ್ಲಿಪ್ ಬೇಕು ಎನ್ನುತ್ತಾರೆ. ಅವು ಇರುವುದು ನಿಮ್ಮನ್ನು ಹೊರಗಿಟ್ಟ ಪೋರ್ಟಲ್‌ನಲ್ಲಿ. ಹಳೆಯ ಮ್ಯಾನೇಜರ್‌ ಹೆಸರು ಕೊಡಿ ಎನ್ನುತ್ತಾರೆ. ಅವರೂ ನಿಮ್ಮ ಜತೆಯಲ್ಲೇ ಮನೆಗೆ ಬಂದು ಈಗ ಕುಕ್ಕರಹಳ್ಳಿ ಕೆರೆ ಸುತ್ತುತ್ತಿರುತ್ತಾರೆ. ಇದಕ್ಕೆಲ್ಲ ಮದ್ದು ಸರ್ಕಾರದ ಬಳಿ ಇದೆ. ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳುವಾರು ಜಮಾ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಂಬಳದಿಂದ ಹಿಡಿದ ತೆರಿಗೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಂಬಳ, ಮೂರೂ ಕಂಪನಿಯ ಹೆಸರಿನ ಸಮೇತ ಸಿಗುತ್ತವೆ. ಮೂರನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. 2014ರ ನವೆಂಬರ್ 1ಕ್ಕೆ ನಮ್ಮೂರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ Mysore ಹೋಗಿ Mysuru ಆಗಿದ್ದನ್ನು ಏಜೆನ್ಸಿಯವರು ಕೇಳಿರುವುದಿಲ್ಲ. ಮಾರ್ಕ್ಸ್ ಕಾರ್ಡಿನ ಊರೇ ಬೇರೆ, ಆಧಾರ್‌ನ ಊರೇ ಬೇರೆ ಎಂದು ಕೆಂಪು ಗೆರೆ ಎಳೆದರೆ ಒಂದು ಸಾಲಿನ ವಿವರಣೆ ಸಾಕು.

ಇಂಟರ್‌ವ್ಯೂನಲ್ಲಿ ಎದುರು ಕೂರುವವರು ನೀವೇ ಕೆಲಸ ಕಲಿಸಿದ ಹುಡುಗರಾಗಿರುವ ಸಂಭವ ಹೆಚ್ಚು. ‘ಒಂದು ವ್ಯವಸ್ಥೆಯನ್ನು ಹೇಗೆ ವಿನ್ಯಾಸ ಮಾಡುತ್ತೀರಿ ಸರ್?’ ಎಂದರೆ ಅದು ಪ್ರಶ್ನೆ. ‘ರಾತ್ರಿಯ ಬ್ಯಾಚ್ ಜಾಬ್ ಅರ್ಧಕ್ಕೆ ನಿಂತರೆ ಯಾವ ಟೇಬಲ್‌ನಲ್ಲಿ ಏನು ಬದಲಾಯಿಸಿ ಮತ್ತೆ ಓಡಿಸಬೇಕು ಸರ್?’ ಎಂದು ಪೆನ್ನು ಹಿಡಿದು ಕೂತರೆ, ಅದು ನಿನ್ನೆ ರಾತ್ರಿ ನಿಂತಿದೆ ಎಂದರ್ಥ. ಇದಕ್ಕೆ ತತ್ವ ಮಾತ್ರ ಹೇಳಿ, ಕಮಾಂಡ್ ಹೇಳಬೇಡಿ. ಕಮಾಂಡ್ ಸಿಕ್ಕಿದ ಮೇಲೆ ಹುದ್ದೆಯೇ ರದ್ದಾದರೆ ದೂರುವುದು ಯಾರನ್ನು?

ಇಷ್ಟೆಲ್ಲ ದಾಟಿ ಆಫರ್ ಲೆಟರ್ ಬಂದಾಗ ಕಂಪನಿಯ ನೆನಪಿನ ಶಕ್ತಿ ಬೆರಗು ಹುಟ್ಟಿಸುತ್ತದೆ. ಸಂಬಳ ನಿಗದಿ ಮಾಡುವಾಗ ನೀವು ಹಳಬರು: ‘ನಿಮ್ಮ ಕೊನೆಯ ಸಂಬಳ ನಮ್ಮಲ್ಲೇ ಇದೆಯಲ್ಲ.’ ಪ್ರೊಬೇಷನ್, ರಜೆ, ಗ್ರಾಚುಟಿಯ ಹೊತ್ತಿಗೆ ನೀವು ಇಂದು ಬೆಳಿಗ್ಗೆ ಹುಟ್ಟಿದವರು. ಗ್ರಾಚುಟಿ ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೈಗೆ ಬರುವ ದುಡ್ಡು, ಅದನ್ನು ಸ್ವಲ್ಪ ನಿಂತು ನೋಡಬೇಕು. ಸೂತ್ರ ಹೀಗಿದೆ: ಕೊನೆಯ ತಿಂಗಳ ವೇತನವನ್ನು, ಅಂದರೆ ಮುಖ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಎರಡೂ ಸೇರಿ 52,000 ರೂಪಾಯಿ ಇದ್ದರೆ ವರ್ಷಕ್ಕೆ 30,000. ಆರು ವರ್ಷಕ್ಕೆ 1,80,000. ಆದರೆ ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ಹೋಗುವ ಮುಂಚೆ ಮೂರು, ಬಂದ ಮೇಲೆ ಮೂರು ವರ್ಷ ದುಡಿದರೆ ಕೂಡಿದಾಗ ಆರು ಎಂದು ಒಂದನೇ ತರಗತಿಯ ಮಗುವೂ ಹೇಳುತ್ತದೆ. ಪೇರೋಲ್ ಮಾತ್ರ ಸೊನ್ನೆ ಎನ್ನುತ್ತದೆ. ಹಳೆಯ ಸೇವೆಯನ್ನು ನಿರಂತರವೆಂದು ಎಣಿಸಲಾಗುವುದು ಎಂಬ ಒಂದು ಸಾಲನ್ನು ಸಹಿಗೆ ಮುಂಚೆಯೇ ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಬೇಕು. ಸಹಿ ಬಿದ್ದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ. ‘ಸದ್ಯಕ್ಕೆ ಥರ್ಡ್ ಪಾರ್ಟಿ ಪೇರೋಲ್‌ನಲ್ಲಿ ಸೇರಿಕೊಳ್ಳಿ, ಆಮೇಲೆ ನೋಡೋಣ’ ಎಂದರೆ ಈ ಸಾಲು ಕೇಳುವ ಅವಕಾಶವೂ ಹೋಯಿತು. ಆಗ ನಿಮ್ಮ ಮಾಲೀಕರೇ ಬೇರೆ.

ಪಿಎಫ್‌ಗೆ ಯುಎಎನ್ ಎಂಬ ಅದೇ ಹನ್ನೆರಡು ಅಂಕಿಯ ಸದಸ್ಯ ಸಂಖ್ಯೆ ಸಾಕು, ಹೊಸದು ಮಾಡಿಸಬೇಡಿ. ಹಳೆಯ ನಮೂದಿನಲ್ಲಿ ಬಿಟ್ಟ ದಿನಾಂಕ ತುಂಬಿದೆಯೇ ನೋಡಿ. ಮಧ್ಯದ ಖಾಲಿ ತಿಂಗಳುಗಳಲ್ಲಿ ಪಿಂಚಣಿ ಹಣ ತೆಗೆದಿದ್ದರೆ ಆ ಸೇವೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಲೆಕ್ಕದಿಂದ ಅಳಿಸಿಹೋಗಿರುತ್ತದೆ. ತೆಗೆಯದೆ, ಹಳೆಯ ಸೇವೆಯ ಲೆಕ್ಕ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ಪಡೆದವರು ಜಾಣರು.

ಸೇರುವ ದಿನಾಂಕ ಸೆಪ್ಟೆಂಬರ್ ಕೊನೆಗೆ ಬಿದ್ದರೆ ಇನ್ನೊಂದು ಪೇಚಿದೆ. ದಸರೆಯ ಹೊತ್ತಿಗೆ ಖಾತೆಯಲ್ಲಿ ರಜೆಯೇ ಇರುವುದಿಲ್ಲ. ‘ಇಷ್ಟ್ ವರ್ಷ ಅಲ್ಲೇ ದುಡ್ದಿದೀಯಲ್ಲೋ, ಜಂಬೂಸವಾರಿ ದಿನಾನೂ ಬಿಡಲ್ವಾ?’ ಎಂದು ಅಮ್ಮ ಕೇಳುತ್ತಾರೆ. ರಜೆಯ ಮಾತನ್ನೂ ಆಫರ್ ಹಂತದಲ್ಲೇ ಆಡಿಬಿಡಿ. ಇನ್ನು ಆಯುಧಪೂಜೆಗೆ ಹೊಸ ಲ್ಯಾಪ್‌ಟಾಪ್ ಮನೆಗೆ ಬಂದಿರುತ್ತದೆ, ಅಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬರುತ್ತಾರೆ. ಕೀಬೋರ್ಡಿನ ಸಂದಿಗೆ ಕುಂಕುಮ ಇಳಿದರೆ ತೆಗೆಯುವುದು ಕಷ್ಟ, ಮುಚ್ಚಳದ ಮೇಲಿನ ಅರಿಶಿನದ ಕಲೆಯೂ ಸುಲಭಕ್ಕೆ ಹೋಗುವುದಿಲ್ಲ. ಲ್ಯಾಪ್‌ಟಾಪನ್ನು ಚೀಲದೊಳಗಿಟ್ಟು ಚೀಲಕ್ಕೆ ಪೂಜೆ ಮಾಡಿಸಿ. ವಾಪಸ್ ಕೊಡುವ ದಿನ ಉಜ್ಜುತ್ತ ಕೂರುವ ಕೆಲಸ ತಪ್ಪುತ್ತದೆ.