ಸತ್ಯಾಂಶ: ಒಂದು ಸಹಿಗೆ ಗ್ರೀನ್ ಕಾರ್ಡ್ ಸಾಲು ಕರಗುತ್ತಾ?

'ಅಮೆರಿಕದ ಅಧ್ಯಕ್ಷರು ಸಹಿ ಹಾಕಿದರೆ ಸಾಕು, ಭಾರತೀಯರಿಗೆಲ್ಲ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಅನುಮತಿ)' ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬೇಕು. ಅದು ಹಾಗಿಲ್ಲ.

ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ 7ರ ಮಿತಿ. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡ್‌ಗೂ ಅಷ್ಟೇ! ಅರ್ಜಿ ಜಾಸ್ತಿ ಇರುವ ಭಾರತೀಯರ ಸಾಲು ಉದ್ದವಾಗೋದು ಇದಕ್ಕೇ. ಇದು 1990ರ ಕಾನೂನು. ಬದಲಿಸಬೇಕಾದ್ದು ಅಲ್ಲಿನ ಸಂಸತ್ತು.

ಪ್ರಯತ್ನ ಆಗಿಲ್ಲ ಅಂತಲ್ಲ. 2019ರಲ್ಲಿ ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365–65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಮೇಲ್ಮನೆ ಸೆನೆಟ್ ಬೇರೆಯದೇ ರೂಪ ಪಾಸು ಮಾಡಿತು. ಎರಡನ್ನೂ ಹೊಂದಿಸುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು.

ಸಾಲಲ್ಲಿ ನಿಂತವರಿಗೆ ವೋಟಿಲ್ಲ, ಅಲ್ವಾ? ಮಿತಿ ತೆಗೆದರೆ ಬೇರೆ ದೇಶದವರ ಕಾಯುವಿಕೆ ಜಾಸ್ತಿಯಾಗುತ್ತದೆ. ಹಾಗಾಗಿ ರಾಜಕಾರಣಿಗೆ ಸುಮ್ನೆ ಇರೋದೇ ಲಾಭ. ಇತ್ತ, ಅಪ್ಪನ ಸರದಿ ಬರುವ ಮುನ್ನ 21 ತುಂಬಿದ ಮಗಳು ಸಾಮಾನ್ಯವಾಗಿ ಅವರ ಅರ್ಜಿಯಿಂದಲೇ ಹೊರಗೆ.