ಕಣ್ಣಿನ ಬಣ್ಣ ಬೆಟ್ಟೆಯೋ, ರಾಶಿಯೋ?

ದೂರದರ್ಶನದ ವಾರ್ತಾ ವಾಹಿನಿ ಡಿಡಿ ನ್ಯೂಸ್ ಲಾಂಛನದ ಕೆಂಪು ಹೋಗಿ ಇನ್ನೊಂದು ಬಣ್ಣ ಬಂದದ್ದು 2024ರ ಏಪ್ರಿಲ್ 16ರಂದು. ಲೋಕಸಭೆಯ ಮೊದಲ ಹಂತದ ಮತದಾನಕ್ಕೆ ಆಗ ಉಳಿದಿದ್ದದ್ದು ಮೂರೇ ದಿನ. ಆ ಇನ್ನೊಂದು ಬಣ್ಣ ಯಾವುದು ಅಂತಲೇ ಜಗಳ. ಕೇಸರಿ ಎಂದರು ವಿರೋಧಿಗಳು. ಕೇಸರಿಯಲ್ಲ, ಕಿತ್ತಳೆ ಎಂದಿತು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ. ದಿಲ್ಲಿಯಲ್ಲಿ ತೀರದ ಈ ವ್ಯಾಜ್ಯವನ್ನು ಶಿವಮೊಗ್ಗದ ಅಡಿಕೆ ಮಂಡಿಗೆ ಕಳಿಸಿದ್ದರೆ ಮಧ್ಯಾಹ್ನದ ಊಟದೊಳಗೆ ತೀರ್ಮಾನವಾಗುತ್ತಿತ್ತು.

ಮಂಡಿಯಲ್ಲಿ ಬಣ್ಣ ನೋಡುವುದೇ ಕಸುಬು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಒಂದೇ ಅಡಿಕೆಗೆ ನಾಲ್ಕು ಜಾತಿ, ನಾಲ್ಕು ರೇಟು. ಸುಲಿದ ಹಸಿ ಅಡಿಕೆ ಬೇಯಿಸಿ, ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ, ಒಣಗಿಸಿದರೆ ಕೆಂಪು ಬರುತ್ತದೆ. ಚೊಗರು ಮಂದವಾದರೆ ಕಪ್ಪಡರುತ್ತದೆ, ನೀರಾದರೆ ಬಿಳಿಚಿಕೊಳ್ಳುತ್ತದೆ, ನಡುವೆ ಮೋಡ ಕವಿದರೆ ಬೂಷ್ಟು. ನೋಡುವವರು ನಾಲ್ಕು ಕಾಳು ಅಂಗೈಯಲ್ಲಿ ಹೊರಳಿಸಿ, ಒಂದನ್ನು ಅಡಕತ್ತರಿಗೆ ಕೊಟ್ಟು, ಒಳಗಿನ ಗೆರೆ ನೋಡುತ್ತಾರೆ. ಮೇಲೆ ಮೇಲೆ ಬಣ್ಣ ಹಚ್ಚಿದ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ. ಲಾಂಛನವನ್ನು ಅಡಕತ್ತರಿಗೆ ಕೊಡುವ ಹಾಗಿಲ್ಲ, ಅದೊಂದು ತೊಂದರೆ.

ಸರಿ, ಕಂಪ್ಯೂಟರಿನಲ್ಲೇ ನೋಡೋಣ. ರಾಷ್ಟ್ರಧ್ವಜದ ಕೇಸರಿ ಅಂತ ಪರದೆಯ ಮೇಲೆ ಸಾಮಾನ್ಯವಾಗಿ ಬಳಸುವ ಸಂಖ್ಯೆ ಕೆಂಪು 255, ಹಸಿರು 153, ನೀಲಿ 51. ವೆಬ್‌ನಲ್ಲಿ 'ಆರೆಂಜ್' ಎಂದು ಹೆಸರು ಪಡೆದ ಬಣ್ಣಕ್ಕೆ ಕೆಂಪು ಅದೇ 255, ಹಸಿರು 165, ನೀಲಿ ಸೊನ್ನೆ. ಅಂದರೆ ಕೇಸರಿಗೂ ಕಿತ್ತಳೆಗೂ ನಡುವೆ ಹನ್ನೆರಡು ಮೆಟ್ಟಿಲು ಹಸಿರು, ಒಂದು ಚಿಟಿಕೆ ನೀಲಿ. ಮನೆಯ ಟಿವಿಯನ್ನು ಅಂಗಡಿಯವರು 'ವಿವಿಡ್' ಮೋಡಿಗೆ ಹಾಕಿಕೊಟ್ಟು ಹೋಗಿರುತ್ತಾರೆ, ಅದನ್ನು ಯಾರೂ ಮತ್ತೆ ಮುಟ್ಟಿರುವುದಿಲ್ಲ. ಅದರಲ್ಲಿ ಆ ಹನ್ನೆರಡು ಮೆಟ್ಟಿಲೂ ನೆಲಸಮ. ವಾರ್ತೆ ಓದುವವರ ಮುಖವೇ ಕಿತ್ತಳೆಯಾಗಿರುವಾಗ ಲಾಂಛನದ್ದು ಯಾವ ಲೆಕ್ಕ?

ಪರದೆಯಿಂದ ಇಳಿದು ಫ್ಲೆಕ್ಸಿಗೆ ಬಂದರೆ ಸಿದ್ಧಾಂತ ಇನ್ನೂ ಅಗ್ಗ. ಪ್ರಿಂಟಿಂಗ್ ಮೆಷಿನ್ನಿಗೆ ಕೆಂಪೂ ಗೊತ್ತಿಲ್ಲ, ಕೇಸರಿಯೂ ಗೊತ್ತಿಲ್ಲ. ಹಳದಿ ನೂರು, ಮೆಜೆಂಟಾ ನೂರು ಕೊಟ್ಟರೆ ಕೆಂಪು. ಮೆಜೆಂಟಾ ಅರ್ಧಕ್ಕಿಳಿಸಿದರೆ ಕೇಸರಿ. ಇಷ್ಟು ದೊಡ್ಡ ರಾಜಕೀಯ ಪಲ್ಲಟಕ್ಕೆ ಅರ್ಧ ಇಂಕು ಉಳಿತಾಯ! ಆದರೆ ಬಿಸಿಲಿಗೆ ಮೊದಲು ಹೋಗುವುದೂ ಇವೇ ಎರಡು, ಹಳದಿ ಮತ್ತು ಮೆಜೆಂಟಾ. ಎರಡು ಬೇಸಿಗೆ ಕಳೆದ ಬೋರ್ಡಿನಲ್ಲಿ ಪಕ್ಷಾತೀತವಾಗಿ ಉಳಿಯುವುದು ಕಪ್ಪು ಅಕ್ಷರ. ಆಗುಂಬೆ ಕಡೆಯ ಬೋರ್ಡಾದರೆ ಅಷ್ಟು ಕಾಯುವುದೂ ಬೇಡ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವಲ್ಲಿ ಯಾವ ಲಾಂಛನವಾದರೂ ಶ್ರಾವಣದ ಹೊತ್ತಿಗೆ ಹಸಿರು. ಪಾಚಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಇನ್ನು ಅಕ್ಷರ. ಹೊಸ ಲಾಂಛನ ಊರಿನ ಫ್ಲೆಕ್ಸ್ ಅಂಗಡಿ ತಲುಪುವುದು ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಸವೆದ ಜೆಪಿಜಿಯಾಗಿ. ಅಂಗೈಯಗಲದ ಚಿತ್ರವನ್ನು ಹತ್ತಡಿಗೆ ಎಳೆದರೆ ಅಂಚು ಗರಗಸದ ಹಲ್ಲು. ಜಾಗಕ್ಕೆ ಸರಿಯಾಗಲೆಂದು ಅಗಲವನ್ನಷ್ಟೇ ಎಳೆದರೆ ವೃತ್ತ ಮೊಟ್ಟೆ. ಕೆಳಗೆ ಕನ್ನಡದಲ್ಲಿ ಹೆಸರು ಹಾಕಬೇಕು, ಅದು ಹಳೆಯ ನುಡಿ ಫಾಂಟಿನಲ್ಲಿ. 'ಕರ್ವ್ಸ್' ಮಾಡದೆ, ಅಂದರೆ ಅಕ್ಷರವನ್ನು ಗೆರೆಚಿತ್ರವಾಗಿಸದೆ ಕಳಿಸಿದ ಫೈಲು ಆ ಫಾಂಟಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಡಾಲರು, ಬ್ರಾಕೆಟ್ಟುಗಳ ಸಂತೆ. ಯುನಿಕೋಡ್ ಕೊಟ್ಟರೋ, ಫ್ಲೆಕ್ಸ್ ವಿನ್ಯಾಸ ಮಾಡುವ ಹಳೆಯ ಕೋರಲ್‌ಡ್ರಾ ತಂತ್ರಾಂಶ ಒತ್ತಕ್ಷರವನ್ನು ಬಿಡಿಸಿ ಪಕ್ಕದಲ್ಲಿ ಕೂರಿಸುತ್ತದೆ, ಅರ್ಕಾವತ್ತು ಮುಂದಿನ ಅಕ್ಷರದ ತಲೆ ಮೇಲೆ. 2014ರ ನವೆಂಬರ್ 1ಕ್ಕೆ 'ಶಿಮೊಗ' ಅಧಿಕೃತವಾಗಿ ಶಿವಮೊಗ್ಗವಾಯಿತಲ್ಲ, ಗಕ್ಕೆ ಗ ಒತ್ತು ಸರಿಯಾಗಿ ಬಿದ್ದ ಬೋರ್ಡುಗಳನ್ನು ಇಂದಿಗೂ ನಿಂತು ನೋಡಬೇಕೆನಿಸುತ್ತದೆ.

ದೂರದರ್ಶನದ ಹಳೆಯ ಲಾಂಛನ, ಆ ಕಣ್ಣಿನ ಕಥೆ ಬೇರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿ ದೇವಾಶಿಸ್ ಭಟ್ಟಾಚಾರ್ಯ ಬರೆದದ್ದು ಒಂದು ಉರುಟು, ಅದರ ಎರಡು ಪಕ್ಕಕ್ಕೆ ಎರಡು ಬಳುಕು. 1976ರ ಏಪ್ರಿಲ್ 1ರಂದು ದೂರದರ್ಶನ ಆಕಾಶವಾಣಿಯಿಂದ ಬೇರೆ ಮನೆ ಮಾಡಿದಾಗ ರವಿಶಂಕರರ ರಾಗದೊಂದಿಗೆ ಅದು ತಿರುಗುತ್ತ ಬಂತು. ಗೆರೆ ದಪ್ಪ, ಬಣ್ಣದ ಹಂಗಿಲ್ಲ. ಜಾಣತನ ಅಲ್ಲಿದೆ. 625 ಗೆರೆಯ ಆ ಕಾಲದ ಟಿವಿಯಲ್ಲಿ ತೆಳು ಗೆರೆ ಮಿಣಮಿಣ ನಡುಗುತ್ತಿತ್ತು, ಪರದೆಯ ಅಂಚಿನದ್ದು ಪೆಟ್ಟಿಗೆಯೊಳಗೇ ಕಾಣೆಯಾಗುತ್ತಿತ್ತು.

ಮಲೆನಾಡಿನಲ್ಲಿ ಅದು ಒಂಟಿ ಕಣ್ಣಾಗಿ ಕಂಡದ್ದು ಕಡಿಮೆ. ಗುಡ್ಡಕ್ಕೆ ಬಡಿದು ಬಂದ ಅಲೆ ನೇರ ಬಂದದ್ದಕ್ಕಿಂತ ಮೂರು ಕಿಲೋಮೀಟರು ಹೆಚ್ಚು ನಡೆದರೆ ಹತ್ತು ಮೈಕ್ರೊಸೆಕೆಂಡು ತಡ. ಪರದೆಯ ಒಂದು ಗೆರೆ ಎಳೆಯಲು ಹಿಡಿಯುವುದೇ 52 ಮೈಕ್ರೊಸೆಕೆಂಡು. ಹಾಗಾಗಿ ಪರದೆಯ ಐದನೇ ಒಂದು ಪಾಲು ಬಲಕ್ಕೆ ಇನ್ನೊಂದು ಕಣ್ಣು, ಮಸುಕಾಗಿ. ದೂರದರ್ಶನಕ್ಕೆ ಎರಡನೇ ಕಣ್ಣು ಕೊಟ್ಟದ್ದು ಸಹ್ಯಾದ್ರಿ, ಶುಲ್ಕವಿಲ್ಲದೆ. ಮಳೆಯಲ್ಲಿ ಚಪ್ಪಟೆ ಆಂಟೆನಾ ವೈರು ನೆನೆದರೆ ಎರಡಕ್ಕೂ ಪೊರೆ. ಆಗ ಒಬ್ಬರು ಹೆಂಚಿನ ಮೇಲೆ, ಒಬ್ಬರು ಜಗಲಿಯಲ್ಲಿ:

"ಬಂತನಾ?"

"ಬಂತು ಅಪ್ಪಯ್ಯ, ಬಂತು... ಹೋತು!"

2017ರಲ್ಲಿ ಈ ಕಣ್ಣು ಯುವಜನರಿಗೆ ಹಿಡಿಸುವುದಿಲ್ಲ ಅಂತ ಹೊಸ ಲಾಂಛನಕ್ಕೆ ಸ್ಪರ್ಧೆ ಕರೆದರು, ಬಹುಮಾನ ಒಂದು ಲಕ್ಷ. ಕೊನೆಗೆ ಹಳೆಯ ಕಣ್ಣೇ ಉಳಿಯಿತು. ಉಳಿಯದೆ ಹೋದದ್ದು ಆಂಟೆನಾಕ್ಕೆ ಬರುತ್ತಿದ್ದ ಪ್ರಸಾರ. 2022ರ ಹೊತ್ತಿಗೆ ಗಡಿಭಾಗದ ಕೆಲವನ್ನು ಬಿಟ್ಟು ದೇಶದ ಅನಲಾಗ್ ಟ್ರಾನ್ಸ್‌ಮಿಟರುಗಳಿಗೆ ಬೀಗ ಬಿತ್ತು. ಮರುವರ್ಷ ಆಲ್ ಇಂಡಿಯಾ ರೇಡಿಯೋವನ್ನು ಇನ್ನು 'ಆಕಾಶವಾಣಿ' ಎಂದೇ ಕರೆಯತಕ್ಕದ್ದು ಎಂಬ ಆದೇಶ ಹೊರಟಿತು. ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು 1930ರ ದಶಕದಲ್ಲೇ ತಮ್ಮ ಮನೆಯ ರೇಡಿಯೋ ಕೇಂದ್ರಕ್ಕೆ ಇಟ್ಟಿದ್ದ ಹೆಸರು ಅದು. ಭದ್ರಾವತಿ ಕೇಂದ್ರ ಕೇಳಿಕೊಂಡೇ ಅಡಿಕೆ ಸುಲಿದವರಿಗೆ, ತಾವು ಇಷ್ಟು ವರ್ಷ ಅಂದದ್ದನ್ನು ಇನ್ನು ಮುಂದೆ ಅನ್ನಬಹುದು ಎಂದು ಅನುಮತಿ ಸಿಕ್ಕಂತಾಯಿತು.

ಈಗಿನದು ಫ್ರೀ ಡಿಶ್, ದೂರದರ್ಶನದ್ದೇ ಉಚಿತ ಉಪಗ್ರಹ ಸೇವೆ. ಉಪಗ್ರಹ ನಿಂತಿರುವುದು 93.5 ಡಿಗ್ರಿ ಪೂರ್ವದಲ್ಲಿ, ಅಂದರೆ ಶಿವಮೊಗ್ಗದಿಂದ ತಟ್ಟೆ ಆಗ್ನೇಯಕ್ಕೆ ಮುಖ ಮಾಡಬೇಕು. ಆ ದಿಕ್ಕಿಗೆ ತೋಟ ಬೆಳೆದು ನಿಂತಿದ್ದರೆ ಮೊದಲು ಮರದ ಜತೆ ಮಾತುಕತೆ ಆಗಬೇಕು. ತೆರವಿದ್ದರೂ ಜೂನಿನಲ್ಲಿ ಇನ್ನೊಂದು ರಗಳೆ. ಈ ತಟ್ಟೆ ಹಿಡಿಯುವ ಕೆಯು ಬ್ಯಾಂಡಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಹಳೆಯ ಮೀಟರುದ್ದದ ಅಲೆಗೆ ಮಳೆಹನಿ ಲೆಕ್ಕಕ್ಕೇ ಇರಲಿಲ್ಲ, ಇದನ್ನು ದಪ್ಪ ಹನಿ ದಾರಿಯಲ್ಲೇ ಕುಡಿದುಬಿಡುತ್ತದೆ. ಮೊದಲು ಚಿತ್ರ ಚೌಕ ಚೌಕ ಒಡೆಯುತ್ತದೆ, ಆಮೇಲೆ ಲಾಂಛನ, ವಾರ್ತೆ, ವ್ಯಾಜ್ಯ ಎಲ್ಲ ಒಟ್ಟಿಗೆ ಹೋಗಿ ಪೆಟ್ಟಿಗೆ 'ಸಿಗ್ನಲ್ ಇಲ್ಲ' ಅನ್ನುತ್ತದೆ. ಕೊಡೆ ಹಿಡಿದು ತಟ್ಟೆ ಒರೆಸುವವರು ಹೊರಗಿಂದ ಕೇಳುತ್ತಾರೆ:

"ಈಗ ಎಂಥ ಬಣ್ಣ ಕಾಣ್ತದ್ಯಾ?"

"ನೀಲಿ, ಅಪ್ಪಯ್ಯ."